ಇಬ್ಬರೊಳಗ ಪೇಷಂಟ್ ಯಾರ್ರೀ?

ಫೌಜಿನ್ಯಾಗ ಡಾಕ್ಟರ್ ಆಗಿದ್ದಾಗ ಗಟ್ಟಿಮುಟ್ಟಾದವ್ರು ಬಂದು "ಸಾಬ್, ಅರಾಮಿಲ್ಲ" ಅಂತಿದ್ರು. ರಿಟೈರಾಗಿ ತೊಂಬತ್ತನೇ ಇಸ್ವಿ ಸುಮಾರಿಗೆ ಗೋವಾದ ಡಿಚೋಲಿಯೊಳಗ ಮನೋರೋಗದ ದವಾಖಾನಿ ತಗದೆ. ಇಲ್ಲೆ ಅರಾಮಿಲ್ಲದವ್ರು ಬಂದು "ನನಗೇನಾಗೇದ್ರಿ, ಅರಾಮ ಇದ್ದೀನಿ" ಅಂತಿದ್ರು. ಇಂಥಾವು ದಿನಾ ನಡೀತಿದ್ವು. ಅದರಾಗ ಒಬ್ಬ ಡ್ರೈವರಂದು ಹೇಳ್ತೀನಿ.

ಟೇಲರ್ ಅಂಗಡಿ

ನನ್ನ ಬೋರ್ಡು ನೋಡಿದ ಕೂಡ್ಲೆ ನಮ್ಮ ಕಡೆ ಮಂದಿ ಧೈರ್ಯ ಸಾಲದ ಬಾಜೂಕಿನ ಟೇಲರ್ ಅಂಗಡಿಗೆ ಹೊಕ್ಕೊಂಡು ಬಿಡ್ತಿದ್ರು. ಹೊಕ್ಕ ಮ್ಯಾಲೆ ಸುಮ್ನ ಕುಂದ್ರಾಕ ಆಗ್ತದೇನು? ಅಂಗಿಗೆ ಅಳತಿ ಕೊಡ್ತಿದ್ರು.

ಈ ಡ್ರೈವರ್ ವಿಜಾಪುರದಾಂವ. ಗಣಿಯಿಂದ ಅದಿರಿನ ಟ್ರಕ್ ಹೊಡೀತಿದ್ದ. ಇಳಿಜಾರಿನ್ಯಾಗ ಗಾಡಿ ಜಾರಿ ಸ್ವಲ್ಪದಾಗ ಉಳಕೊಂಡಿದ್ದ. ಅವತ್ತಿನಿಂದ ಸ್ಟೇರಿಂಗ್ ಹಿಡಿದ್ರ ಕೈ ನಡಗ್ತಿದ್ವು. ಮಳಿಗಾಲ ಮುಗಿಯೂದ್ರೊಳಗ ಗಾಡಿ ಹತ್ತದಿದ್ರ ಬ್ಯಾರೆಯವನ್ನ ಇಡ್ತೀನಿ ಅಂತ ಮಾಲಕ ಹೇಳಿಬಿಟ್ಟಿದ್ದ. ಪಾಪ, ದವಾಖಾನಿಗೆ ಅಂತ ಬಂದು ಬಂದು ಅಂಗಿ ಹೊಲಿಸಿಕೊಂಡು ಹೋಗ್ತಿದ್ದ.

ಟೇಲರ್ ನನಗ ಹೇಳಿದ: "ಸಾಹೇಬ್ರ, ಆ ಬೋರ್ಡು ಮಾತ್ರ ತಗೀಬ್ಯಾಡ್ರಿ. ಆದ್ರ ಇನ್ನೊಂದೀಟು ದೊಡ್ಡ ಅಕ್ಷರದಾಗ ಬರಸ್ರಿ."

ಯಾರ ಬ್ಯಾನಿ

ಕಡೀಕ ಅವನ ಹೆಂಡ್ತೀನ ಅವನ್ನ ಎಳಕೊಂಡು ಬಂದ್ಲು. ಬಂದಾಕಿನ ಪೇಷಂಟ್ ಖುರ್ಚಿ ಮ್ಯಾಲೆ ತಾನ ಕುಂತ್ಲು.

"ನನಗ ಅರಾಮಿಲ್ರಿ. ಇವ್ರು ಜೊತಿಗೆ ಬಂದಾರ."

"ಏನಾಗ್ತದ, ತಂಗಿ?"

ಹಿಂದ ನಿಂತಿದ್ದ ಗಂಡ ಹೇಳಿದ: "ಆಕಿಗೆ ನಿದ್ದಿ ಬರಂಗಿಲ್ರಿ. ಸ್ಟೇರಿಂಗ್ ಹಿಡಿದ್ರ ಕೈ ನಡಗ್ತಾವ. ಇಳಿಜಾರು ಬಂತಂದ್ರ ಎದಿ ಡವಡವ."

ಆಕಿ ಮಾರಿ ಮ್ಯಾಲೆ ಒಂಚೂರು ನಗಿ ಇಲ್ಲ. "ಹೌದ್ರಿ, ಭಾಳ ಅಂಜಿಕಿ" ಅಂದ್ಲು.

"ಎಷ್ಟು ವರ್ಷದಿಂದ ಗಾಡಿ ಹೊಡೀತಿ?"

"ಒಮ್ಮೆನೂ ಹೊಡದಿಲ್ರಿ."

ಔಷಧ

ಖರೇ ಏನಂತ ಮೂರೂ ಮಂದಿಗೆ ಗೊತ್ತಿತ್ತು. ಬಾಯಿ ಬಿಡಿಸಿದ್ರ ಆಂವ ಮತ್ತ ಟೇಲರ್ ಕಡೆ ಓಡ್ತಿದ್ದ. ಅದಕ್ಕ ಫೌಜಿನ ದನಿಯೊಳಗ ಗಂಡಗ ಆರ್ಡರ್ ಕೊಟ್ಟೆ: "ದಿನಾ ಖಾಲಿ ಬಯಲಿನ್ಯಾಗ ಪೇಷಂಟ್ ಸ್ಟೇರಿಂಗ್ ಹಿಡೀಬೇಕು. ಮೊದಲು ನಿಂತ ಗಾಡಿಯೊಳಗ, ಆಮ್ಯಾಲೆ ಸಾವಕಾಶ ನಡಿಸಿ. ನೀ ಬಾಜೂಕ ಕುಂತು ಕಲಿಸು. ಕಲಿಸಾವ್ರು ಗಾಬರಿ ಆಗಬಾರದು, ಅದಕ್ಕ ಗುಳಿಗಿ ನಿನಗ."

"ಆಕಿ ಸಲುವಾಗಿ ತಗೋತೀನ್ರಿ" ಅಂದ, ದೊಡ್ಡ ಉಪಕಾರ ಮಾಡಿದಾಂಗ.

ಮರುದಿನ ಬಯಲಿನ್ಯಾಗ, ಹೆಂಗ ಹಿಡೀಬೇಕಂತ ತೋರಿಸಾಕ ಮೊದಲು ಆಂವ ತಾನ ಸ್ಟೇರಿಂಗ್ ಹಿಡೀಬೇಕಾತು. ಕೈ ನಡಗಿದ್ವು. ಆಕಿ ಅವನ ಕೈ ಮ್ಯಾಲೆ ಕೈ ಇಟ್ಟು, "ನೋಡ್ರಿ, ನನ್ನ ಕೈ ಹೆಂಗ ನಡಗಾಕತ್ತಾವ" ಅಂದ್ಲಂತ. ಇದನ್ನ ಆಕೀನ ನನಗ ಹೇಳಿದ್ಲು. ನನಗ ಆಕಿ ಮ್ಯಾಲೆ ಭಾಳ ಮಮತಾ ಬಂತು.

ಮಳಿ ನಿಂತು ಗಣಿ ಚಾಲೂ ಆತು. ಒಂದು ಮುಂಜಾನೆ ದವಾಖಾನಿ ಮುಂದ ಟ್ರಕ್ ಬಂದು ನಿಂತಿತು. ಡ್ರೈವರ್ ಇಳದು ನೆಟ್ಟಗ ಬೋರ್ಡಿನ ಕೆಳಗ ಹಾದು ಒಳಗ ಬಂದ.

"ಸಾಹೇಬ್ರ, ಇಳಿಜಾರಿನ್ಯಾಗೂ ನನ್ನ ಕೈ ನಡಗಂಗಿಲ್ರಿ."

ನನ್ನ ಕೈ ಅಂದ. ನನಗ ಖುಷಿ ಆತು. "ಮತ್ತ್ಯಾಕ ಮಾರಿ ಸಣ್ಣ ಮಾಡೀಯಪಾ?" ಅಂತ ಕೇಳಿದೆ.

ಆಂವ ಖಿಡಕಿ ಹೊರಗ ಬಟ್ಟು ತೋರಿಸಿದ. ಆಂವ ಇಳದ ಕೂಡ್ಲೆ ಹೆಂಡ್ತಿ ಅವನ ಸೀಟಿಗೆ ಸರದು ಸ್ಟೇರಿಂಗ್ ಹಿಡಕೊಂಡು ಕುಂತಿದ್ಲು.

"ಕಲಿಸಿ ಕಲಿಸಿ ಆಕಿಗೂ ಗಾಡಿ ಹೊಡ್ಯಾಕ ಬಂತ್ರಿ. ಬಯಲು ಕಂಡ್ರ ಸಾಕು, ಗಾಡಿ ಬಿಟ್ಟು ಕೊಡವಲ್ಲಳ್ರಿ. 'ಪೇಷಂಟ್ ನಾನು, ದಿನಾ ಹೊಡಿ ಅಂತ ಸಾಹೇಬ್ರು ಹೇಳ್ಯಾರ' ಅಂತಾಳ. ಈಗ ಖರೇನ ಆಕಿಗೇ ಒಂದು ಗುಳಿಗಿ ಬರದು ಕೊಡ್ರಿ."