ಏರಿದ ಗುಡ್ಡ ಇಳಿಯುವುದು ಯಾವಾಗ?

ಸಿಂಧನೂರಿನ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರದ ಮೇಷ್ಟ್ರು. ದೇಶದೇಶಗಳ ಬಡತನ, ಸಿರಿತನದ ಪಾಠ ಶುರು ಮಾಡಿದರೆ ಸಾಕು, ಯಾರಾದರೊಬ್ಬರು ನಗಿಸಿಯೇ ತೀರುತ್ತಾರೆ. ಹೋದ ವರ್ಷ ನಗಿಸಿದವಳು ಸಂತೆಕಲ್ಲೂರಿನಿಂದ ಟಂಟಂ ಆಟೋ ಹತ್ತಿ ಬರುತ್ತಿದ್ದ ಒಬ್ಬ ಹುಡುಗಿ. ನೆನೆದರೆ ಈಗಲೂ ನಗು ಬರುತ್ತದೆ, ಬೆನ್ನಿಗೇ ಬೇಸರವೂ.

ಅರ್ಧ ಮಿಲ್ಲು

ತಲಾದಾಯದ ಪಾಠ. "ದೇಶದ ಆದಾಯವನ್ನೆಲ್ಲ ಎಲ್ಲರಿಗೂ ಸಮನಾಗಿ ಹಂಚಿದಂತೆ ಲೆಕ್ಕ ಹಾಕುವುದು" ಎಂದೆ. ಮುಂದಿನ ಬೆಂಚಿನಲ್ಲಿ ರೈಸ್ ಮಿಲ್ ಮಾಲೀಕರ ಮಗನಿದ್ದ. ಹುಡುಗಿ ಅವನನ್ನು ತೋರಿಸಿದಳು.

"ಸರ್, ಇವನ್ನ ನನ್ನ ಕೂಡ್ಸಿ ಲೆಕ್ಕ ಹಾಕಿದ್ರ ನನಗ ಅರ್ಧ ಮಿಲ್ಲು ಬರ್ತೈತೇನ್ರಿ?"

"ಲೆಕ್ಕದಾಗ ಬರ್ತೈತವ್ವಾ."

"ಮನಿಗೆ ಯಾವಾಗ ಬರ್ತೈತ್ರಿ?"

ಹುಡುಗ ತಿರುಗಿ ನೋಡಿ, "ತೌಡು ಬೇಕಾದ್ರ ಇವತ್ತ ಒಯ್ಯಿ" ಎಂದ.

ಗುಡ್ಡದ ಚಿತ್ರ

"ದೇಶ ಬೆಳೆಯತೊಡಗಿದಾಗ ಬಡವ ಬಲ್ಲಿದರ ಅಂತರ ಮೊದಲು ಏರುತ್ತದೆ, ಇನ್ನಷ್ಟು ಬೆಳೆದ ಮೇಲೆ ಇಳಿಯುತ್ತದೆ ಎಂಬ ವಾದವಿದೆ. ಚಿತ್ರ ಬರೆದರೆ ಮಸ್ಕಿ ಗುಡ್ಡದ ಹಾಗೆ" ಎಂದೆ. ಎಲ್ಲ ದೇಶಗಳಲ್ಲೂ ಹೀಗಾಗಿಲ್ಲ ಎಂದೂ ಹೇಳಿದೆ, ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಎಲ್ಲರೂ ಗುಡ್ಡ ಬರೆದರು. ಇವಳದು ಏರು ಮಾತ್ರ.

"ಇಳಿಜಾರು ಎಲ್ಲೈತವ್ವಾ?"

"ನಮ್ಮೂರಾಗ ಇನ್ನಾ ಏರಾಕತ್ತೈತ್ರಿ ಸರ್. ತುದಿ ಕಂಡ ಮ್ಯಾಲ ಬರಿತೀನಿ."

ಮೇಲೊಂದು ಊಟ, ಕೆಳಗೊಂದು ಊಟ

ಲಿಂಗಸುಗೂರಿನ ವಿಚಾರಸಂಕಿರಣಕ್ಕೆ ತರಗತಿಯವರನ್ನೂ ಕರೆದೊಯ್ದಿದ್ದೆ. "ಅಂತರ ಹೆಚ್ಚಿದ ದೇಶಗಳಲ್ಲಿ ಬಡವರ ಜಾಣ ಮಕ್ಕಳು ಓದು ಬಿಡುತ್ತಾರೆ. ಆಗ ಇಡೀ ದೇಶದ ಬೆಳವಣಿಗೆಯೇ ಕುಂಟುತ್ತದೆ" ಎಂದು ಭಾಷಣ ಬಿಗಿದೆ. ಚಪ್ಪಾಳೆಯೋ ಚಪ್ಪಾಳೆ. ಅದರ ಬೆನ್ನಿಗೇ ಸಂಘಟಕರು, "ಅತಿಥಿಗಳಿಗೆ ಮ್ಯಾಲ ಊಟ, ಉಳದೋರಿಗೆ ಕೆಳಗ" ಎಂದು ಸಾರಿದರು.

ಹೋಳಿಗೆ ತಿಂದು ಕೆಳಗೆ ಬಂದೆ. ಹುಡುಗಿ ಅನ್ನ ಸಾರಿನ ತಟ್ಟೆ ಹಿಡಿದು ನಿಂತಿದ್ದಳು.

"ಮ್ಯಾಲ ಹೋಳಿಗಿ ಐತಂತ ಹೋಗಿದ್ದೆ ಸರ್, ವಾಪಸ್ ಕಳಿಸಿದ್ರು. ಏರಿ ಇಳದು ಬಂದೆ. ಈಗ ನಿಮ್ಮ ಗುಡ್ಡ ಪೂರಾ ಆತು ನೋಡ್ರಿ."

ಹಾಜರಿ

ಕೊನೆಯ ಪರೀಕ್ಷೆ ಹತ್ತಿರ ಬಂದಾಗ ಅವಳು ಬರುವುದೇ ನಿಂತಿತು. ತಾಯಿಗೆ ಸೊಂಟನೋವಂತೆ, ಭತ್ತದ ನಾಟಿಯ ಕೂಲಿಗೆ ತಾಯಿಯ ಬದಲು ಇವಳೇ ಹೋಗುತ್ತಿದ್ದಾಳಂತೆ. ಪರೀಕ್ಷೆಯನ್ನಾದರೂ ಬರೆಸಬೇಕೆಂದು ನಾಟಿ ನಡೆದಿದ್ದ ಮುಕ್ಕುಂದದ ಗದ್ದೆಗೆ ಹೋದೆ. ಗದ್ದೆ ಅದೇ ಮಿಲ್ ಮಾಲೀಕರದು. ಹೆಂಗಸರ ಸಾಲಿನಲ್ಲಿ ಬಗ್ಗಿದ್ದವಳು ನನ್ನನ್ನು ಕಂಡು ಸಸಿಯ ಕಟ್ಟು ಹಿಡಿದ ಕೈಯನ್ನೇ ಎತ್ತಿದಳು.

"ಹಾಜರ್ ರೀ ಸರ್!"

"ಪರೀಕ್ಷಾ ಬರಿಯಾಕಾದ್ರೂ ಬಾರವ್ವಾ."

"ಅವತ್ತೂ ನಾಟಿ ಐತ್ರಿ" ಎಂದು ತಲೆ ತಗ್ಗಿಸಿದಳು. ಮರುಕ್ಷಣ ನಕ್ಕಳು. "ನಮ್ಮಂಥಾರು ಓದು ಬಿಟ್ರ ದೇಶ ಕುಂಟತೈತಿ ಅಂದಿದ್ರಲ್ರೀ. ನಾ ಬಿಟ್ಟೀನಿ. ದಿನಾ ನೋಡಾಕತ್ತೀನಿ, ಏನೂ ಕುಂಟವಲ್ದು."

ಬಂದ ದಾರಿಯಲ್ಲೇ ತಿರುಗಿದೆ. ಇಂಥವಳನ್ನು ಕೆಸರಿನಲ್ಲಿ ಬಿಟ್ಟು ಬರಿಗೈಯಲ್ಲಿ ಹೊರಟೆನಲ್ಲ ಎಂದು ದುಃಖವಾಯಿತು. ಆ ಗುಂಗಿನಲ್ಲಿ ಬದುವಿನಿಂದ ಕೆಸರಿಗೆ ಜಾರಿ ಮೊಣಕಾಲುದ್ದ ಹೂತುಹೋದೆ. ಕಾಲು ಕಿತ್ತುಕೊಂಡು ಕುಂಟುತ್ತ ನಡೆದಾಗ ಹಿಂದಿನಿಂದ ಅವಳ ದನಿ ಕೇಳಿಸಿತು.

"ಅಕ್ಕಾರ, ನೋಡ್ರಿ ನೋಡ್ರಿ! ದೇಶ ಕುಂಟಾಕತ್ತೈತಿ!"