ಮುಕಾದಮ ಮೈಲಾರಪ್ಪನ ಸೂಜಿಪರ್ವ

ಎಲೈ ಘಾಟಿನ ಅಧಿದೇವತೆಯೇ! ಒಣಮೆಣಸಿನಕಾಯಿಯ ಕೆಂಪು ಗುಡ್ಡೆಗಳ ಮೇಲೆ ಅದೃಶ್ಯಳಾಗಿ ಆಸೀನಳಾಗಿ, ಧಣಿಯೆನ್ನದೆ ದಲಾಲನೆನ್ನದೆ ಹಮಾಲನೆನ್ನದೆ ಸಕಲರ ಮೂಗಿನಲ್ಲಿಯೂ ಏಕಕಾಲಕ್ಕೆ ಸಮಾನತೆಯನ್ನು ಸ್ಥಾಪಿಸಿದವಳೇ! ಯಾವ ಸರಕಾರವೂ ಮಾಡಲಾಗದ್ದನ್ನು ಒಂದೇ ಸೀನಿನಲ್ಲಿ ಮಾಡಿ ಮುಗಿಸಿದ ತಾಯಿಯೇ, ನನ್ನ ಕಂಠಕ್ಕಿಳಿದು ಬಾ. ಆದರೆ ಅರ್ಧಕ್ಕೇ ನಿಂತುಕೋ. ನನಗೆ ಹೇಳುವುದು ಬಹಳವಿದೆ.

ಜ್ವರಯುಗವು ಕಳೆದು ಮರೆವಿನ ಯುಗವು ಕಾಲಿಟ್ಟಿದ್ದ ಸಂಧಿಕಾಲವದು. ಯಾವ ಕೆಮ್ಮಿಗೆ ಬೇಸಿಗೆಯಲ್ಲಿ ಇಡೀ ಬಸ್ಸೇ ಖಾಲಿಯಾಗುತ್ತಿತ್ತೋ ಆ ಕೆಮ್ಮಿಗೆ ಈಗ ‘ಸ್ವಲ್ಪ ಆ ಕಡೆ ಸರೀರಿ’ ಎಂಬುದಷ್ಟೇ ಉತ್ತರವಾಗಿತ್ತು. ಯಾವ ಮುಖಗವಸನ್ನು ಜನ ಪ್ರಾಣದಂತೆ ಕಾಪಾಡಿಕೊಂಡಿದ್ದರೋ ಅದು ಈಗ ಸೈಕಲ್ಲಿನ ಸೀಟು ಒರೆಸುತ್ತಿತ್ತು. ಫ್ಲೂ ಎಂಬ ಒಂದೇ ಅಕ್ಷರದ ದೈತ್ಯನು ಊರಿಗೆ ಬಂದು, ಹಲವರನ್ನು ಮಲಗಿಸಿ, ಕೆಲವರನ್ನು ಏಳದಂತೆ ಮಲಗಿಸಿ, ತನಗೇ ಬೇಸರವಾಗಿ ಎದ್ದು ಹೋಗಿದ್ದನು.

ಅಂಥ ಕಾಲದಲ್ಲಿ, ಮೆಣಸಿನಕಾಯಿ ಪೇಟೆಯೊಂದರ ವಿಶಾಲ ಪ್ರಾಂಗಣದಲ್ಲಿ ವಿರಾಜಿಸುತ್ತಿದ್ದವನು ಯಾರೆಂದರೆ: ಗೋಣಿಕೊಪ್ಪೆಯನ್ನೇ ಕಿರೀಟವಾಗಿ ಧರಿಸಿದವನೂ, ಲಾರಿಗರ್ಭಪೂರಕನೂ, ತೂಕವಂಚಕಭಯಂಕರನೂ, ಕೊಕ್ಕೆಯೊಂದನ್ನೇ ಆಯುಧವಾಗುಳ್ಳವನೂ, ಹಮಾಲರ ತಂಡಕ್ಕೆ ನಾಯಕನಾದ್ದರಿಂದ ಮುಕಾದಮನೆಂಬ ಬಿರುದನ್ನು ಪಡೆದವನೂ ಆದ ಮೈಲಾರಪ್ಪನು. ಅವನ ತಂಡದಲ್ಲಿ ಅವನೂ ಸೇರಿ ಒಂಬತ್ತು ಮಂದಿ ಮಹಾಬಾಹುಗಳು. ಆ ತಂಡಕ್ಕೊಂದು ಅಲಿಖಿತ ಸಂವಿಧಾನವಿತ್ತು. ಲಾರಿ ಬಂದು ನಿಂತಾಗ ಮೊದಲ ಚೀಲವು ಮುಕಾದಮನ ಬೆನ್ನನ್ನೇ ಏರಬೇಕು. ಅದು ಏರುವವರೆಗೆ ಉಳಿದ ಎಂಟು ಬೆನ್ನುಗಳು, ಧಣಿ ಬೊಬ್ಬಿಡಲಿ, ಡ್ರೈವರ್ ಹಾರ್ನ್ ಬಾರಿಸಲಿ, ಬಗ್ಗುವಂತಿರಲಿಲ್ಲ. ಮುಂದೆ ನಿಲ್ಲುವವನೇ ಮೊದಲು ಹೊರಬೇಕು ಎಂಬ ಈ ನಿಯಮವನ್ನು ರೂಪಿಸಿದವನು ಸಾಕ್ಷಾತ್ ಮೈಲಾರಪ್ಪನೇ. ಅಯ್ಯೋ, ತನ್ನ ಬಾಯಿಂದ ಹೊರಟ ನಿಯಮವು ತನ್ನ ತೋಳಿಗೇ ಬರುವುದೆಂದು ಆ ದಿನ ಅವನಿಗೆ ಹೇಗೆ ತಿಳಿಯಬೇಕು!

ಅವನಿಗೊಬ್ಬಳು ಅಕ್ಕ, ಕಾಶವ್ವ. ದಬ್ಬಣಪಾಣಿಯಾದ ಆಕೆ ತುಂಬಿದ ಚೀಲಗಳ ಬಾಯಿ ಹೊಲಿಯುವವಳು. ಧಣಿಗಳ ಬಾಯಿಯನ್ನೂ ಒಂದೆರಡು ಸಲ ಮಾತಿನಿಂದಲೇ ಹೊಲಿದದ್ದುಂಟು. ಬಾಳೆಲ್ಲ ಮೆಣಸಿನ ಧೂಳು ಕುಡಿದು ಅವಳ ಎದೆ ಜರ್ಜರಿತವಾಗಿತ್ತು. ಜ್ವರ ಬಂದ ಬೇಸಿಗೆಯಲ್ಲಿ ಉಸಿರು ಸಿಕ್ಕದೆ ಅವಳು ಚೀಲಗಳ ನಡುವೆ ಕುಸಿದಾಗ, ಗಾಡಿಗಾಗಿ ಕಾಯದೆ ಅವಳನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಯವರೆಗೆ ಓಡಿದವನು ಮೈಲಾರಪ್ಪ. ಅಷ್ಟು ಹಗುರಾದ ಹೊರೆಯನ್ನು ತಾನು ಹಿಂದೆಂದೂ ಹೊತ್ತಿರಲಿಲ್ಲವೆಂದು ಅವನು ಆಮೇಲೆ ಗೆಳೆಯನೊಬ್ಬನಿಗೆ ಹೇಳಿದ್ದನು. ಹೇಳಿ, ಮುಖ ಆ ಕಡೆ ತಿರುಗಿಸಿಕೊಂಡಿದ್ದನು.

ಅವಳು ಬದುಕಿ ಬಂದಳು. ಡಾಕ್ಟರು ಮಾತ್ರ, “ಈ ಎದಿಗೆ ಇನ್ನೊಂದು ಸಲ ಫ್ಲೂ ತಡಕೊಳ್ಳೂದು ಆಗೂದಿಲ್ಲ. ಲಸಿಕೆ ಬಂದ ಕೂಡ್ಲೆ ಹಾಕಿಸ್ರಿ” ಎಂದಿದ್ದರು.

ಅಂದೇ ಮೈಲಾರಪ್ಪನು ಪ್ರತಿಜ್ಞೆಗೈದನು. ಎಂಟು ಹಮಾಲರೊಡನೆ ಆರೋಗ್ಯ ಇಲಾಖೆಯ ಕಚೇರಿಗೆ ಮುತ್ತಿಗೆ ಹಾಕಿದನು. ಸಾಹೇಬರ ಮೇಜಿನೆದುರು ನಿಂತು, ಕಿಟಕಿಯ ಗಾಜು ನಡುಗುವಂತೆ ಗರ್ಜಿಸಿದನು: “ಸೂಜಿ ಕೊಡ್ರಿ, ಇಲ್ಲಾಂದ್ರ ಖುರ್ಚಿ ಬಿಡ್ರಿ!” ಎಂಟು ಕಂಠಗಳು ಅದನ್ನೇ ಮೊಳಗಿಸಿದವು. ಸಾಹೇಬರು ಖುರ್ಚಿಯನ್ನು ಬಿಡಲಿಲ್ಲ; ಸೂಜಿಯನ್ನೂ ಕೊಡಲಿಲ್ಲ; ನೀರು ಕೊಟ್ಟರು. ‘ಮೇಲಿಂದ ಬರಬೇಕು’ ಎಂದರು. ಮೇಲೆ ಎಂಬ ಆ ಅಗಮ್ಯ ಅಗೋಚರ ಲೋಕದಿಂದ ಮಳೆ ಬಂತು, ಗುಡುಗು ಬಂತು, ಭಾಷಣ ಬಂತು. ಜ್ವರವು ಊರು ಬಿಟ್ಟು, ಅದರ ನೆನಪೂ ಊರು ಬಿಟ್ಟು, ಇನ್ನು ಬಂದರೂ ಯಾರೂ ಕೇಳುವುದಿಲ್ಲ ಎಂಬುದು ಖಾತ್ರಿಯಾದ ಮೇಲೆ ಲಸಿಕೆ ಬಂತು.

ಆಷಾಢದ ಒಂದು ಮಧ್ಯಾಹ್ನ ನೀಲಿ ಡಬ್ಬಿಯನ್ನು ಹೆಗಲಿಗೇರಿಸಿಕೊಂಡು ವನಮಾಲಾ ಸಿಸ್ಟರ್ ಪ್ರಾಂಗಣವನ್ನು ಪ್ರವೇಶಿಸಿದಳು. ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಂಗಸರೆಲ್ಲ ಕಳೆ ತೆಗೆಯಲು ಹೊಲಗಳಿಗೆ ಹೋಗಿದ್ದ ದಿನಗಳವು. ಇದ್ದವರು ಮಧ್ಯಾಹ್ನದ ಲಾರಿಗಾಗಿ ಕಾಯುತ್ತಿದ್ದ ಒಂಬತ್ತು ಹಮಾಲರು ಮತ್ತು ಕಾಶವ್ವ. ಆಕೆ ದಬ್ಬಣವನ್ನು ಚೀಲಕ್ಕೆ ಸಿಕ್ಕಿಸಿ, ರವಿಕೆಯ ತೋಳನ್ನು ಮೇಲೇರಿಸಿ, ಆಗಲೇ ಬಂದು ಎದುರಿಗೆ ಕುಳಿತಿದ್ದಳು.

“ನಿಂದ್ರವಾ ಅಜ್ಜಿ,” ಎಂದಳು ಸಿಸ್ಟರ್. “ಒಂದು ಬಾಟ್ಲಿಗೆ ಹತ್ತು ಮಂದಿ. ಒಬ್ಬಾಕಿ ಸಲುವಾಗಿ ಒಡಿಯಂಗಿಲ್ಲ, ಒಡೆದದ್ದು ಇಡಂಗಿಲ್ಲ. ಊರಾಗ ಯಾರ ಮನಿಗೆ ಹೋದ್ರೂ ‘ಈಗ್ಯಾಕ’ ಅಂತಾರ. ಇವತ್ತು ಆಗಲಿಲ್ಲಾಂದ್ರ ಉಳಿದ ಬಾಟ್ಲಿ ಎಲ್ಲಾ ನಾಳೆ ವಾಪಸ್ ಹೋಗತಾವ.”

ಹತ್ತು! ಒಬ್ಬಳು ಕಾಶವ್ವ, ಒಂಬತ್ತು ಮಂದಿ ಗೋಣಿಕಿರೀಟಿಗಳು. ವಿಧಿಯ ಲೆಕ್ಕವು ಎಷ್ಟು ಕರಾರುವಾಕ್ಕಾಗಿತ್ತೆಂದರೆ ಒಂದು ತೋಳು ಕಡಿಮೆಯಾದರೂ ಯುದ್ಧವೇ ಇಲ್ಲ.

ಆಗ ತಂಡದ ಹಾಸ್ಯಶಿರೋಮಣಿಯಾದ ಹಜರೇಸಾಬನು ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಅಂದನು: “ಜ್ವರಾನ ಹೋಗೇತಿ, ಈಗ್ಯಾಕವಾ ಸೂಜಿ? ಮಳಿ ನಿಂತ ಮ್ಯಾಲೆ ಕೊಡಿ ಬಿಚ್ಚಿದಂಗಾತು.”

“ಮಳಿ ಮತ್ತ ಬರತೈತ್ರಿ ಸಾಬ್ರ,” ಎಂದಳು ಸಿಸ್ಟರ್. “ಚಳಿಗಾಲದಾಗ ಇದು ತಿರುಗಿ ಬಂದಾಗ ಅಳಕೋತ ಓಡಿ ಬರೂದ್ಕಿಂತ ಈಗ ಕುಂತಕೊಂಡು ಹಾಕಿಸಿಕೊಳ್ರಿ. ತೋಳು ಒಂದೆರಡು ದಿನ ನೋಯತೈತಿ, ಅಷ್ಟ.”

ಹಜರೇಸಾಬನು ಕಾಶವ್ವನತ್ತ ನೋಡಿದನು. ನಂತರ ಹೆಗಲು ಕುಣಿಸಿದನು. “ಅಕ್ಕನ ಸಲುವಾಗಿ ಆದ್ರ ಆಗಲಿ. ಆದ್ರ ಮೊದಲನೇ ಚೀಲ ಯಾರದು?”

ಹದಿನಾರು ಕಣ್ಣುಗಳು ಮುಕಾದಮನತ್ತ ತಿರುಗಿದವು.

ಓ ಕೇಳುಗರೇ, ಇಲ್ಲಿ ನಾನು ಕತೆಯ ಮರ್ಮವನ್ನು ಬಿಚ್ಚಬೇಕಾಗಿದೆ. ಕಬ್ಬಿಣದ ಕೊಕ್ಕೆಯನ್ನು ಬೆರಳಂತೆ ಆಡಿಸುತ್ತಿದ್ದ, ಲಾಠಿಯ ಮುಂದೆ ಎದೆಗೊಟ್ಟು ನಿಂತಿದ್ದ, ಒಮ್ಮೆ ಚೀಲದೊಳಗಿಂದ ಹೊರಬಿದ್ದ ಹಾವನ್ನು ಬಾಲ ಹಿಡಿದು ಆಚೆ ಎಸೆದಿದ್ದ ಆ ಮಹಾಸತ್ವಶಾಲಿಗೆ ಇಂಜೆಕ್ಷನ್ ಸೂಜಿಯೆಂದರೆ ಹೆದರಿಕೆ. ಸೂಜಿ ಕೊಡಿ ಎಂದು ಕೂಗುವಾಗ ಅದು ಬಂದೇಬಿಟ್ಟರೇನು ಗತಿ ಎಂಬುದನ್ನು ಅವನು ಯೋಚಿಸಿರಲಿಲ್ಲ. ನಮ್ಮ ಎಷ್ಟೋ ಬೇಡಿಕೆಗಳ ಹಾಗೆ ಇದೂ ಈಡೇರುವುದಿಲ್ಲವೆಂದು ಅವನು ನೆಮ್ಮದಿಯಿಂದಿದ್ದನು.

ಎದ್ದು ನಿಂತನು. ಕೊಪ್ಪೆಯನ್ನು ಸರಿಪಡಿಸಿಕೊಂಡನು. ಅವನ ವಚನವನ್ನು ಅದರ ಘನತೆಗೆ ತಕ್ಕಂತೆ ಬರೆಯುವುದಾದರೆ ಹೀಗೆ: “ಎಲೈ ಶ್ರಮಜೀವಿಕುಲತಿಲಕರೇ! ಆರ್ತರಾಗಿ ಬೇಡಿದಾಗ ಕೊಡದೆ, ಆಪತ್ತು ಕಳೆದ ಬಳಿಕ ಭಿಕ್ಷೆಯಂತೆ ಎಸೆಯುವ ಈ ವಿಲಂಬಿತ ಔದಾರ್ಯವನ್ನು ಸ್ವೀಕರಿಸುವುದೆಂದರೆ ನಮ್ಮ ಹೋರಾಟಕ್ಕೇ ಅಪಮಾನವಲ್ಲವೇ? ತಿರಸ್ಕರಿಸೋಣ! ತಿರಸ್ಕಾರವೇ ಇಂದಿನ ಪರಮೋಚ್ಚ ಪ್ರತಿಭಟನೆ!”

ಅವನು ನಿಜಕ್ಕೂ ಆಡಿದ್ದು: “ಏ, ತಡಾ ಮಾಡಿ ಕೊಟ್ಟಾರ. ತೊಗೊಳ್ಳೂದ ಬ್ಯಾಡ. ಅವರಿಗೆ ಬುದ್ಧಿ ಬರ್ಲಿ.”

ಇಬ್ಬರು ಚಪ್ಪಾಳೆ ತಟ್ಟಿದರು. ವಾದದಲ್ಲಿ ಸತ್ಯವಿತ್ತು, ಅದೇ ತೊಡಕು. ತಡಮಾಡಿದ್ದು ಸುಳ್ಳಲ್ಲ, ಸಿಟ್ಟು ಸುಳ್ಳಲ್ಲ, ಬೆವರೂ ಸುಳ್ಳಲ್ಲ. ಆದರೆ ಬೆವರು ಸಿಟ್ಟಿನದಲ್ಲ ಎಂಬುದು ಒಬ್ಬಳಿಗೆ ಗೊತ್ತಿತ್ತು.

“ಅಲ್ಲೋ ಮೈಲಾರಿ,” ಎಂದಳು ಕಾಶವ್ವ, “ಕೊಡವಲ್ರು ಅಂತ ಒಂದು ಧರಣಿ, ಕೊಟ್ರು ಅಂತ ಇನ್ನೊಂದು ಧರಣಿ. ಸೂಜಿಗೆ ಅಂಜತೀನಿ ಅಂತ ಹೇಳಾಕ ಎರಡು ಧರಣಿ ಬೇಕಾ ನಿನಗ?”

ಪಾರಿವಾಳವೊಂದು ಕಾಳು ಹೆಕ್ಕುವುದನ್ನು ನಿಲ್ಲಿಸಿತು.

“ಯಾರು? ನಾನಾ? ಅಂಜೂದಾ?” ಎಂದು ವೀರನು ನಕ್ಕನು. ನಗೆಯು ಅರ್ಧದಾರಿಯಲ್ಲಿ ಒಡೆಯಿತು. “ಇವತ್ತು ಊಟಾ ಆಗಿಲ್ಲ ನೋಡ, ಅದಕ್ಕ.”

“ಈಗರ ನನ್ನ ಬುತ್ತಿ ರೊಟ್ಟೀನೂ ಸೇರಿಸಿ ತಿಂದ್ಯಲ್ಲೋ!” ಎಂದನು ಹಜರೇಸಾಬ.

“ಚೀಲಾ ಹೊರೂ ತೋಳು ಸಾಬಾ. ನೋವಾದ್ರ ಲಾರಿ ಯಾರು ತುಂಬ್ತಾರ?”

“ಎರಡನೇ ತೋಳು ಏನು ಧಣಿ ಕಡೆ ಅಡವು ಇಟ್ಟೀಯೇನು?”

ಎಂಟು ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಒಬ್ಬನೂ ಮುಂದೆ ಬರಲಿಲ್ಲ. ಪರಿಹಾಸ್ಯವು ಬೇರೆ, ಸಂವಿಧಾನವು ಬೇರೆ. ಮುಕಾದಮನ ಬೆನ್ನಿಗಿಂತ ಮೊದಲು ತಮ್ಮ ಬೆನ್ನು ಬಗ್ಗಿಸದವರು ಅವನ ತೋಳಿಗಿಂತ ಮೊದಲು ತಮ್ಮ ತೋಳು ಚಾಚುವುದುಂಟೇ? ನಿಷ್ಠೆಯು ಹೀಗೂ ಒಮ್ಮೊಮ್ಮೆ ನಾಯಕನ ಕತ್ತು ಹಿಸುಕುತ್ತದೆ.

“ಮೊದಲ ಸಾಬಾ ಹಾಕಿಸಿಕೊಳ್ಳಲಿ, ನಾ ಹಿಂದ ಅದೀನಿ,” ಎಂದು ಮೈಲಾರಪ್ಪನು ಕ್ಷೀಣಸ್ವರದಲ್ಲಿ ಅಂದನು.

“ಹಿಂದ ನಿಂದ್ರೂದು ನೀನ ಕಲಿಸಿಲ್ಲಪಾ ನಮಗ,” ಎಂದನು ಹಜರೇಸಾಬ. ಈ ಸಲ ಅವನು ನಗಲಿಲ್ಲ.

ಸಿಸ್ಟರ್ ಬಿಸಿಲನ್ನು ನೋಡಿದಳು, ಡಬ್ಬಿಯ ಮುಚ್ಚಳವನ್ನು ಒತ್ತಿದಳು. “ನನಗ ಇನ್ನೊಂದು ಓಣಿ ಐತ್ರಿ,” ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಬೆಳಗಿನಿಂದ ಬಾಗಿಲುಗಳನ್ನು ತಟ್ಟಿದ ದಣಿವಿತ್ತು.

ಕಾಶವ್ವ ರವಿಕೆಯ ತೋಳನ್ನು ಕೆಳಗಿಳಿಸಿದಳು. “ಇರಲಿ ಬಿಡವಾ, ಮುಂದಿನ ಸಲ ನೋಡೂಣು. ಯಾರಿಗೂ ಜುಲುಮಿ ಮಾಡಬಾರದು,” ಎಂದು ಎದ್ದು, ತನ್ನ ಚೀಲದತ್ತ ನಡೆದಳು. ನಾಲ್ಕು ಹೆಜ್ಜೆಗೇ ಕೆಮ್ಮು ಬಂತು. ತಮ್ಮನಿಗೆ ಕೇಳಿಸಬಾರದೆಂದು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಬೆನ್ನಷ್ಟೇ ಕುಲುಕಿತು. ಚೀಲವನ್ನು ಹಿಡಿದು ನಿಂತಳು, ಉಸಿರು ಬರುವವರೆಗೆ ಕಾದಳು, ಆಮೇಲೆ ದಬ್ಬಣವನ್ನು ಕೈಗೆತ್ತಿಕೊಂಡಳು.

ಮೈಲಾರಪ್ಪ ಆ ಬೆನ್ನನ್ನು ನೋಡಿದನು. ಬೇಸಿಗೆಯ ಆ ಹಗುರಾದ ಹೊರೆ ಅವನ ಹೆಗಲಿಗೆ ಮತ್ತೆ ಬಂದು ಕುಳಿತಿತು.

“ಸಿಸ್ಟರ್,” ಎಂದನು. “ಡಬ್ಬಿ ತಗೀರಿ.”

ಆಮೇಲಿನದನ್ನು ವರ್ಣಿಸಲು ಒಂದು ನಾಲಿಗೆ ಸಾಲದು. ರಣರಂಗಾಭಿಮುಖನಾಗಿ, ಒಂದೊಂದು ಹೆಜ್ಜೆಗೂ ಭೂಮಿಗೆ ವಿದಾಯ ಹೇಳುವವನಂತೆ, ತೂಕದ ಕಟ್ಟೆಯ ಬಳಿಯಿದ್ದ ಮುರುಕು ಖುರ್ಚಿಯೊಂದರತ್ತ ಮುಕಾದಮನು ನಡೆದನು. ಕುಳಿತನು. ಖುರ್ಚಿ ನರಳಿತು. ಅಂಗಿಯ ತೋಳನ್ನು ಏರಿಸಿದಾಗ ಪ್ರಕಟವಾದ ಆ ಬಾಹುವಾದರೋ ಎಷ್ಟೋ ಲಾರಿಗಳನ್ನು ತುಂಬಿಸಿದ್ದು. ಈಗ ಅದು ಪಕ್ಕೆಗೆ ಅಂಟಿಕೊಂಡು ಮುಂದೆ ಬರಲೊಲ್ಲದಾಯಿತು. ಸಿಸ್ಟರ್ ಬಾಟಲಿಗೆ ಸಿರಿಂಜು ಚುಚ್ಚಿ ಔಷಧಿ ಎಳೆದುಕೊಂಡಳು. ಸೂಜಿಯ ತುದಿ ಬಿಸಿಲಿಗೆ ಮಿಂಚಿತು. ಮೈಲಾರಪ್ಪ ಕಣ್ಣು ಮುಚ್ಚಿದನು, ಹಲ್ಲು ಕಚ್ಚಿದನು, ತನಗೆ ಗೊತ್ತಿದ್ದ ಏಕೈಕ ರಕ್ಷಾಮಂತ್ರವನ್ನು ಪೇಟೆಯ ತಗಡುಗಳು ಹಾರುವಂತೆ ಮೊಳಗಿಸಿದನು:

“ಸೂಜಿ ಕೊಡ್ರಿ! ಇಲ್ಲಾಂದ್ರ ಖುರ್ಚಿ ಬಿಡ್ರಿ!”

ಎಂಟು ಕಂಠಗಳು ಪ್ರತಿಧ್ವನಿಸಿದವು. ಮತ್ತೆ ಕೂಗಿದನು. ಮತ್ತೆ ಪ್ರತಿಧ್ವನಿ. ದಲಾಲಿ ಅಂಗಡಿಗಳಿಂದ ಧಣಿಗಳು ಹೊರಗೆ ಇಣುಕಿ, ಇನ್ನೊಂದು ಮುಷ್ಕರವೆಂದು ಬಗೆದು ಒಳಸರಿದು ಷಟರ್ ಎಳೆದರು. ಅವನು ಕೂಗಿದನು, ಕೂಗಿದನು. ಪ್ರಳಯವು ಈಗ ಬರುವುದು, ಇದೋ ಬಂತು ಎಂದು ಕಾಯುತ್ತ ಕೂಗಿದನು. ಪ್ರತಿಧ್ವನಿ ಯಾವಾಗಲೋ ನಿಂತುಹೋಗಿ ಅದರ ಜಾಗದಲ್ಲಿ ಕಿಸಿಕಿಸಿ ನಗು ಕೇಳಿಸತೊಡಗಿದಾಗ ಒಂದು ಕಣ್ಣನ್ನಷ್ಟೇ ತೆರೆದನು.

ಎದುರಿಗೆ ವನಮಾಲಾ ಸಿಸ್ಟರ್ ಹೊಸ ಸಿರಿಂಜು ಹಿಡಿದು ನಿಂತಿದ್ದಳು. ಅವಳ ಹಿಂದೆ ಕಾಶವ್ವ, ಹಜರೇಸಾಬ, ಇಡೀ ಸಾಲು.

“ಸೂಜಿ ಕೊಟ್ಟು ಬಾಳ ಹೊತ್ತಾತ್ರಿ,” ಎಂದಳು ಸಿಸ್ಟರ್. “ಇನ್ನ ನೀವು ಖುರ್ಚಿ ಬಿಡ್ರಿ.”

ಬಿಟ್ಟನು. ಕಾಶವ್ವ ಕುಳಿತಳು. ಸೂಜಿ ಹೋಗಿ ಬಂದದ್ದನ್ನು ಅವಳು ಕಣ್ಣು ಮಿಟುಕಿಸದೆ ನೋಡಿದಳು. ಹೊಲಿಗೆಯ ಕೆಲಸದವಳಲ್ಲವೇ, ಇನ್ನೊಬ್ಬಳ ಕೈಚಳಕವನ್ನು ಪರೀಕ್ಷಿಸುವಂತೆ ನೋಡಿ, “ಚೊಲೋ ಹಾಕತೀಯವಾ” ಎಂದು ಮೆಚ್ಚಿದಳು. ಹತ್ತು ತೋಳುಗಳು ಮುಗಿದವು. ಬಾಟಲಿ ಬರಿದಾಯಿತು. ಲಾರಿ ಬಂತು.

ಮರುದಿನ ಆ ಮಹಾವೀರನು ತನ್ನ ಗಾಯವನ್ನು ಊರಿಗೆ ತೋರಿಸುತ್ತ ತಿರುಗಿದನು. ಚಹಾದಂಗಡಿಯವನಿಗೆ ತೋರಿಸಿದನು. ತೂಕದವನಿಗೆ ತೋರಿಸಿದನು. ಹೊರಗಿನ ಊರಿನ ಲಾರಿ ಡ್ರೈವರ್‌ನನ್ನು ಕೆಳಗಿಳಿಸಿ, ಅಂಗಿಯ ಬಲದೋಳನ್ನೇರಿಸಿ, ಮೆಣಸಿನ ಬೀಜದಷ್ಟು ದೊಡ್ಡದಾದ ಆ ಕೆಂಪು ಚುಕ್ಕೆಯ ಮೇಲೆ ಬೆರಳಿಟ್ಟು, “ನೋಡ್ರಿ, ಇಷ್ಟ ಆಳ ಹೋಗಿತ್ತು. ನಮ್ಮಂಥವ್ರ ಅಂತ ತಡಕೊಂಡ್ವಿ. ನಿಮ್ಮ ಊರಾಗೂ ಎಲ್ಲಾರೂ ಹಾಕಿಸ್ರಿ, ಅಂಜಬ್ಯಾಡ್ರಿ” ಎಂದು ಬೋಧಿಸಿದನು.

ಕಾಶವ್ವ ಚೀಲದ ಬಾಯಿ ಹೊಲಿಯುತ್ತಿದ್ದಳು. ದಬ್ಬಣ ಎಳೆದು, ಹುರಿ ಬಿಗಿದು, ತಲೆ ಎತ್ತದೆ ಅಂದಳು:

“ತಮ್ಮಾ, ಅದು ಸೊಳ್ಳಿ ಕಡದದ್ದು. ಸಿಸ್ಟರ್ ಚುಚ್ಚಿದ್ದು ಆ ಕಡೆ ತೋಳಿಗೆ.”