ಕಡಬದಲ್ಲಿ ನಾನು ಎಣಿಸಿದ ಕೆಮ್ಮು

ಕೆಮ್ಮು ಎಣಿಸುವುದಕ್ಕೆ ಎಂಥ ವಿದ್ಯೆ ಬೇಕು? ಎರಡು ಕಿವಿ ಇರಬೇಕು, ನೂರರವರೆಗೆ ಲೆಕ್ಕ ಬರಬೇಕು. ಎರಡೂ ನನ್ನಲ್ಲಿದ್ದವು. ಆದ್ದರಿಂದ ಎಪ್ಪತ್ತರ ದಶಕದ ಕೊನೆಯಲ್ಲಿ, ಹಂದಿಗಳ ಶ್ವಾಸಕೋಶದ ರೋಗವನ್ನು ಸಂಶೋಧಿಸುವ ಯೋಜನೆಯೊಂದರಲ್ಲಿ ತಾತ್ಕಾಲಿಕ ಸಹಾಯಕನಾಗಿ ನೇಮಕವಾದಾಗ, ಪುತ್ತೂರಿನ ಪೇಟೆಯಲ್ಲಿ ನನ್ನಷ್ಟು ಎದೆಯುಬ್ಬಿಸಿ ನಡೆದವರು ಯಾರೂ ಇರಲಿಲ್ಲ.

ಉಬ್ಬಿದ ಎದೆಯನ್ನು ಇಳಿಸಿದವಳು ನನ್ನ ಹೆಂಡತಿ ಸಾವಿತ್ರಿ.

"ಹಂದಿಯಾ! ಅಡಿಕೆಯ ರೋಗ ಅಂತ ಹೇಳಿದ್ದಲ್ವಾ ನೀವು?"

"ವಿಜ್ಞಾನಕ್ಕೆ ಅಡಿಕೆಯೂ ಒಂದೇ, ಹಂದಿಯೂ ಒಂದೇ," ಎಂದೆ ಗಂಭೀರವಾಗಿ.

"ನನ್ನ ಅಡುಗೆಮನೆಗೆ ಒಂದೇ ಅಲ್ಲ. ಅದನ್ನು ಮುಟ್ಟಿ ಬಂದ್ರೆ ಬಾವಿಕಟ್ಟೆಯಲ್ಲೇ ಸ್ನಾನ, ಜಗಲಿಯಲ್ಲೇ ಊಟ!"

ಹೀಗಾಗಿ ನಾನು ಒಂದು ಹೊಸ ಪದ್ಧತಿಯನ್ನು ಆವಿಷ್ಕರಿಸಬೇಕಾಯಿತು. ಮುಟ್ಟದ, ಹತ್ತಿರ ಹೋಗದ, ಸಾಧ್ಯವಾದರೆ ನೋಡಲೂ ನೋಡದ ಸಂಶೋಧನೆ!

ನನ್ನ ಕಾರ್ಯಕ್ಷೇತ್ರ ಕಡಬದ ಸಿಸಿಲಿ ಬಾಯಿಯವರ ಹಂದಿಗೂಡು. ಅವರ ಒಂದು ಹಂದಿ ಆಗಲೇ ಕೆಮ್ಮಿ ಕೆಮ್ಮಿ ಸತ್ತಿತ್ತು. ಮಂಗಳೂರಿನಿಂದ ಬಂದ ನಮ್ಮ ಡಾಕ್ಟರು ಉಳಿದೆರಡರ ಮೂಗಿಗೆ ಹತ್ತಿ ಸುತ್ತಿದ ಕಡ್ಡಿ ಹಾಕಿ ಪರೀಕ್ಷೆ ಮಾಡಿಸಿದ್ದರು. ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾ ಕೂತಿದೆ ಎಂದು ಕಲಗಚ್ಚಿನಲ್ಲಿ ಬೆರೆಸಲು ಮದ್ದಿನ ಪುಡಿ ಕೊಟ್ಟಿದ್ದರು. ಅದನ್ನು ಬೆರೆಸುವುದು ಬಾಯಿಯವರ ಕೆಲಸ. ಮದ್ದು ಹಿಡಿಯಿತೋ ಇಲ್ಲವೋ ಎಂದು ತಿಳಿಯಲು ದಿನಾ ಮಧ್ಯಾಹ್ನ ಎರಡು ಗಂಟೆ ಕೂತು ಕೆಮ್ಮು ಎಣಿಸಿ ಬರೆಯುವುದು ನನ್ನ ಕೆಲಸ.

"ಈಸ್ಟರ್ ಕಳೆದ ಮೇಲೆ ಮಗಳ ಮದುವೆ ಉಂಟು ಭಟ್ರೆ," ಎಂದರು ಬಾಯಿ ಮೊದಲ ದಿನವೇ. "ಹಂದಿ ಸಾಕಿದ್ದೇ ಅದಕ್ಕೆ. ಈ ಎರಡು ಸಹ ಹೋದ್ರೆ ಬೀಗರ ಎದುರು ನಾನು ಎಂತ ಬಡಿಸುದು? ಹೇಗಾದ್ರೂ ಉಳಿಸಿ ಕೊಡಿ ಮಾರಾಯ್ರೆ."

"ನಾನಿದ್ದೇನೆ," ಎಂದೆ. ಇದ್ದದ್ದೇನೋ ನಿಜ, ಇಪ್ಪತ್ತು ಹೆಜ್ಜೆ ದೂರದಲ್ಲಿ!

ಗೂಡು ಮನೆಯ ಹಿಂಬದಿಯ ಗೋಡೆಗೆ ತಾಗಿಕೊಂಡಿತ್ತು. ನಾನು ಆಚೆಯ ಗೇರುಮರದ ಬುಡದಲ್ಲಿ ಕುರ್ಚಿ ಹಾಕಿಸಿ, ಗೂಡಿಗೆ ಬೆನ್ನು ಮಾಡಿ, ಮೂಗಿಗೆ ಕರವಸ್ತ್ರ ಕಟ್ಟಿ ಕುಳಿತೆ. ಕಣ್ಣು ಮುಚ್ಚಿದರೆ ಕಿವಿ ಚುರುಕಾಗುತ್ತದೆ ಎಂಬುದು ನನ್ನ ಸಿದ್ಧಾಂತ. ಮುಚ್ಚಿದೆ. ಹಣ್ಣಾದ ಗೇರಿನ ಘಮ, ಎಲ್ಲೋ ಜೇನುನೊಣದ ಗುಂಯ್, ಬೆಚ್ಚಗಿನ ಗಾಳಿ. ಕಡಬ ಮೆಲ್ಲಗೆ ಕರಗಿ ಒಂದು ದೊಡ್ಡ ಸಭಾಂಗಣವಾಯಿತು. ಯಾರೂ ಕಂಡರಿಯದ ಬ್ಯಾಕ್ಟೀರಿಯಾವೊಂದಕ್ಕೆ ನನ್ನ ಹೆಸರಿಡುತ್ತಿದ್ದರು. ಬಿಳಿ ಕೋಟಿನವರು ಸಾಲಾಗಿ ಬಂದು ಕೈಕುಲುಕುತ್ತಿದ್ದರು. ಅವರ ಹಿಂದೆ ಗುಣಮುಖವಾದ ಹಂದಿಗಳು, ಬಾಯಲ್ಲಿ ಒಂದೊಂದು ಹೂಮಾಲೆ ಕಚ್ಚಿಕೊಂಡು!

ಖೊಕ್! ಖೊಕ್!

ಕಣ್ಣು ತೆರೆಯದೆಯೇ ಪುಸ್ತಕದಲ್ಲಿ ಎರಡು ಗೀಟು ಎಳೆದೆ. ಮೊದಲ ವಾರವೆಲ್ಲ ದಿನಕ್ಕೆ ಮೂವತ್ತು, ನಲವತ್ತು ಗೀಟು. ಕೆಲವು ಕೆಮ್ಮಿನ ಕೊನೆಗೆ ಒಂದು ದೀರ್ಘ ನಿಟ್ಟುಸಿರೂ ಕೇಳುತ್ತಿತ್ತು. ಹಂದಿಗಳಿಗೂ ಇಷ್ಟೊಂದು ಬೇಸರವೇ ಎಂದು ಮನಸ್ಸು ಮರುಗಿ, ಅದನ್ನೂ ಬರೆದುಕೊಂಡೆ.

ಎರಡನೆಯ ವಾರ ಪವಾಡವಾಯಿತು. ಸೋಮವಾರ ಸೊನ್ನೆ. ಮಂಗಳವಾರ ಸೊನ್ನೆ!

ಕಾಫಿ ತಂದ ಬಾಯಿ, "ಮಾವ ಪಂಜಕ್ಕೆ ಹೋಗಿದ್ದಾರೆ, ಅವರ ಮಗಳ ಮನೆಗೆ. ಮನೆಯೇ ಖಾಲಿ ಖಾಲಿ ಕಾಣ್ತದೆ," ಎಂದರು. ನಾನು ಹೂಂಗುಟ್ಟಿದೆ. ವಿಜ್ಞಾನಿಗಳಿಗೆ ಮನೆವಾರ್ತೆ ಯಾಕೆ? "ನಿಮ್ಮ ಹಂದಿ ಗುಣವಾಯಿತು ಬಾಯಿ!" ಎಂದು ಘೋಷಿಸಿ, ಮದ್ದು ಏಳೇ ದಿನದಲ್ಲಿ ಹಿಡಿದಿದೆ ಎಂದು ಡಾಕ್ಟರಿಗೆ ಕಾಗದ ಹಾಕಿದೆ. ಮನೆಗೆ ಬಂದು, "ಸಾವಿತ್ರಿ, ಮಂಗಳೂರಿನಲ್ಲಿ ನಾನು ಭಾಷಣ ಮಾಡುವಾಗ ನೀನು ಮುಂದಿನ ಸಾಲಿನಲ್ಲಿ ಕೂರಬೇಕು," ಎಂದೆ.

"ಹಂದಿಗಳು ಯಾವ ಸಾಲಿನಲ್ಲಿ?" ಎಂದಳು.

ಶನಿವಾರ ಡಾಕ್ಟರು ಜೀಪಿನಲ್ಲಿ ಬಂದಿಳಿದರು. ಗೇರುಮರದ ಕೆಳಗೆ ನಿಂತು ನಾನು ನನ್ನ ಪದ್ಧತಿಯನ್ನು ವಿವರಿಸತೊಡಗಿದೆ. "ಸಾರ್, ಈ ಕ್ಷಣದಲ್ಲಿ ಗೂಡು ಸಂಪೂರ್ಣ ನಿಶ್ಶಬ್ದವಾಗಿರುವುದನ್ನು ತಾವು..."

ಖೊಕ್! ಖೊಕ್! ಖೊಕ್!

ಡಾಕ್ಟರ ಮುಖ ಕಪ್ಪಿಟ್ಟಿತು. "ಮರುಕಳಿಸಿದೆಯಲ್ರೀ! ಮದ್ದು ಹಿಡಿದಿಲ್ಲ. ಹಾಗಾದರೆ ಎರಡನ್ನೂ ಕೊಂದು ಹೂಳುವುದೊಂದೇ ದಾರಿ. ಇಲ್ಲದಿದ್ದರೆ ಊರಿಗೆಲ್ಲ ಹಬ್ಬುತ್ತದೆ."

ಕಾಫಿ ತರುತ್ತಿದ್ದ ಬಾಯಿ ಲೋಟ ಕೆಳಗಿಟ್ಟರು. ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು. "ಗುಣ ಆಯ್ತು ಅಂತ ನೀವೇ ಹೇಳಿದ್ದಲ್ವಾ ಭಟ್ರೆ? ಮದ್ದು ಹಾಕಿದ ಎರಡೇ ದಿನದಲ್ಲಿ ಅವು ಕೆಮ್ಮುದು ಬಿಟ್ಟಿವೆ. ನಿಮ್ಮ ಪುಸ್ತಕದಲ್ಲಿ ಅದು ಇಲ್ವಾ?"

ನಾನು ಪುಸ್ತಕವನ್ನು ಬೆನ್ನ ಹಿಂದೆ ಸರಿಸಿದೆ. ನನ್ನ ಪುಸ್ತಕದಲ್ಲಿ ಆ ವಾರವೇ ಅತಿ ಹೆಚ್ಚು ಗೀಟುಗಳಿದ್ದವು.

"ಯಾವ ಹಂದಿ ಕೆಮ್ಮುವುದು? ತೋರಿಸಿ," ಎಂದರು ಡಾಕ್ಟರು.

ಕರವಸ್ತ್ರ ಬಿಗಿದುಕೊಂಡು ಗೂಡಿನ ಹತ್ತಿರ ಹೋದೆ. ನನ್ನ ರೋಗಿಗಳ ಮುಖವನ್ನು ನಾನು ನೋಡಿದ್ದು ಅದೇ ಮೊದಲು! ಎರಡೂ ಮೂತಿಗೆ ಮೂತಿ ತಾಗಿಸಿ ಹಾಯಾಗಿ ನಿದ್ದೆ ಹೊಡೆಯುತ್ತಿದ್ದವು. ಖೊಕ್! ಎಂದಿತು ಮತ್ತೆ. ಯಾವ ಹಂದಿಯೂ ಬಾಯಿ ತೆರೆಯಲಿಲ್ಲ. ಒಂದು ಮಾತ್ರ ಕಿವಿ ನಿಮಿರಿಸಿ ಗೋಡೆಯ ಕಡೆ ನೋಡಿತು. ನಾವೂ ನೋಡಿದೆವು.

ಗೋಡೆಯ ಕಿಟಕಿ ತೆರೆಯಿತು. ಬೀಡಿ ಹಿಡಿದ ಒಬ್ಬ ಅಜ್ಜ ಮುಖ ಹೊರಗೆ ಹಾಕಿ, "ಸಿಸಿಲಿ, ಯಾರು ಬಂದದ್ದು?" ಎಂದು ಕೇಳಿ, ಕೆಮ್ಮಿ, ಒಂದು ದೀರ್ಘ ನಿಟ್ಟುಸಿರು ಬಿಟ್ಟರು.

ಆ ನಿಟ್ಟುಸಿರಿನ ಗುರುತು ನನಗೆ ಚೆನ್ನಾಗಿತ್ತು.

"ಮಾವ ನಿನ್ನೆ ಸಂಜೆ ಪಂಜದಿಂದ ಬಂದ್ರು," ಎಂದರು ಬಾಯಿ, ಅಳುವುದನ್ನು ಅರ್ಧಕ್ಕೆ ನಿಲ್ಲಿಸಿ.

ಡಾಕ್ಟರು ನನ್ನ ಪುಸ್ತಕವನ್ನು ಕಿಟಕಿಯೊಳಗೆ ನೀಡಿದರು. ಅಜ್ಜ ಪುಟ ತಿರುವಿದರು. ಅವೆಲ್ಲ ತಮ್ಮ ಕೆಮ್ಮಿನ ಗೀಟುಗಳೆಂದು ತಿಳಿದ ಮೇಲೆ ಒಂದೊಂದರ ಮೇಲೂ ಬೆರಳಾಡಿಸಿದರು.

"ಮೂವತ್ತು ವರ್ಷದಿಂದ ಕೆಮ್ಮುದು ನಾನು. ಈ ಮನೆಯಲ್ಲಿ ಒಬ್ಬರಾದ್ರೂ ಲೆಕ್ಕ ಇಟ್ಟದ್ದಿಲ್ಲ. ನೀವೊಬ್ರು ದೊಡ್ಡ ಮನುಷ್ಯ ಮಾರಾಯ್ರೆ!"

ನನ್ನ ಸಂಶೋಧನೆಗೆ ದೊರೆತ ಏಕೈಕ ಪುರಸ್ಕಾರ ಅದು.

ಹಂದಿಗಳು ಮದುವೆಯವರೆಗೂ ಆರೋಗ್ಯವಾಗಿದ್ದವು. ಆಮೇಲೆ ಅವಕ್ಕೆ ಆರೋಗ್ಯದ ಅಗತ್ಯ ಬೀಳಲಿಲ್ಲ. ಮದುವೆಗೆ ನನಗೂ ಕರೆ ಇತ್ತು. ಅಜ್ಜನ ಪಕ್ಕದಲ್ಲಿ ಕೂತು ಬಾಳೆಹಣ್ಣು ತಿಂದು ಶರಬತ್ತು ಕುಡಿದು ಬಂದೆ. ಅವರು ಕೆಮ್ಮಿದಾಗಲೆಲ್ಲ ನನ್ನ ಬೆರಳು ತಾನಾಗಿ ಮಡಚಿಕೊಳ್ಳುತ್ತಿತ್ತು. ಕೆಲಸ ಮಾತ್ರ ಆ ತಿಂಗಳಿಗೇ ಮುಗಿಯಿತು.

ಈಗ ನನಗೇ ಆ ಅಜ್ಜನ ವಯಸ್ಸು. ಮಧ್ಯಾಹ್ನ ಜಗಲಿಯ ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿದರೆ ಆ ಸಭಾಂಗಣ ಇನ್ನೂ ಬರುತ್ತದೆ. ಬಿಳಿ ಕೋಟಿನವರು ಹತ್ತಿರವಾಗುವ ಹೊತ್ತಿಗೆ ಸರಿಯಾಗಿ ನನಗೆ ಕೆಮ್ಮು.

"ಇವತ್ತಿಗೆ ಹನ್ನೊಂದು. ಬರ್ಕೊಳ್ಳುದಾ?" ಎನ್ನುತ್ತಾಳೆ ಬಾಗಿಲಲ್ಲಿ ನಿಂತ ಸಾವಿತ್ರಿ.

ಅವಳ ಲೆಕ್ಕ ಇದುವರೆಗೆ ತಪ್ಪಿಲ್ಲ. ಅವಳು ಕೆಮ್ಮುವವನ ಮುಖ ನೋಡಿ ಎಣಿಸುತ್ತಾಳೆ.